ಆನ್ ಆಗದ ಕಂಪ್ಯೂಟರ್: ಫಾರ್ಮ್ಯಾಟ್‌ಗೆ ಕೈ ಹಾಕುವ ಮೊದಲು

"ಕಂಪ್ಯೂಟರ್ ಆನ್ ಆಗುತ್ತಿಲ್ಲ, ಏನು ಮಾಡಲಿ?" ಎಂಬ ಒಂದು ಸಾಲಿನ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ಇಷ್ಟೇ ಬರೆದರೆ ಯಾರೂ ಉತ್ತರ ಹೇಳಲಾರರು. ಗುಂಡಿ ಒತ್ತಿದರೂ ಒಂದು ದೀಪವೂ ಹತ್ತದಿರುವುದು ಬೇರೆ, ಫ್ಯಾನ್ ತಿರುಗಿಯೂ ಪರದೆ ಕಪ್ಪಾಗಿರುವುದು ಬೇರೆ, ಲೋಗೊ ಬಂದ ಮೇಲೆ ‘ಬೂಟ್ ಡಿವೈಸ್ ಸಿಗಲಿಲ್ಲ’ ಎನ್ನುವುದು ಬೇರೆ, ವಿಂಡೋಸ್ ಅರ್ಧ ಶುರುವಾಗಿ ನಿಲ್ಲುವುದು ಬೇರೆ. ಮೊದಲನೆಯದು ಕರೆಂಟಿನ ದಾರಿಯ ದೋಷ. ಎರಡನೆಯದು ರ‍್ಯಾಮ್, ಗ್ರಾಫಿಕ್ಸ್ ಅಥವಾ ಬೋರ್ಡಿನದು. ಮೂರನೆಯದು ಡಿಸ್ಕಿನದು ಇಲ್ಲವೇ ಬಯಾಸ್ (ವಿಂಡೋಸ್‌ಗೆ ಮುಂಚೆ ಓಡುವ, ಬೋರ್ಡಿನೊಳಗಿನ ತಂತ್ರಾಂಶ) ಸೆಟ್ಟಿಂಗ್‌ನದು. ನಾಲ್ಕನೆಯದು ಹೆಚ್ಚಾಗಿ ಸಾಫ್ಟ್‌ವೇರಿನದು. ಎಲ್ಲಿಯವರೆಗೆ ಬಂದು ನಿಂತಿತು, ಪರದೆಯ ಮೇಲೆ ಏನು ಬರೆದಿತ್ತು, ಅದಕ್ಕೆ ಮುಂಚೆ ಏನನ್ನು ಬದಲಾಯಿಸಿದಿರಿ, ಈ ಮೂರನ್ನೂ ಬರೆಯಿರಿ. ಪ್ಲಗ್, ಸ್ವಿಚ್, ಚಾರ್ಜರ್ ನೋಡಿಯೇ ಕೇಳುತ್ತಿದ್ದೀರಿ ಎಂದುಕೊಂಡು ಮುಂದೆ ಹೋಗುತ್ತೇನೆ.

ಪ್ರಶ್ನೆ: ಲ್ಯಾಪ್‌ಟಾಪ್ ಆನ್ ಮಾಡಿದರೆ ‘ಆಟೊಮ್ಯಾಟಿಕ್ ರಿಪೇರಿ’ ಎಂದು ಬರುತ್ತದೆ, ಸುತ್ತುತ್ತದೆ, ಮತ್ತೆ ರೀಸ್ಟಾರ್ಟ್ ಆಗುತ್ತದೆ. ಪರಿಚಯದವರು ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಹಲವು ವರ್ಷಗಳ ಫೋಟೊಗಳು ಅದರಲ್ಲೇ ಇವೆ. ಫಾರ್ಮ್ಯಾಟ್ ಮಾಡಿ, ಆಮೇಲೆ ರಿಕವರಿ ಸಾಫ್ಟ್‌ವೇರ್ ಹಾಕಿ ತೆಗೆಯಬಹುದೇ?

ಬೇಡ. ಈ ಸಲಹೆ ಕೊಟ್ಟವರ ಕೈಗೆ ಲ್ಯಾಪ್‌ಟಾಪ್ ಕೊಡಲೇಬೇಡಿ.

ಫಾರ್ಮ್ಯಾಟ್ ಆದರೂ ಫೈಲ್ ವಾಪಸ್ ತೆಗೆಯಬಹುದು ಎಂಬುದು ಹಳೆಯ ಹಾರ್ಡ್ ಡಿಸ್ಕ್ ಕಾಲದ ಮಾತು. ಆಗ ಕ್ವಿಕ್ ಫಾರ್ಮ್ಯಾಟ್ ಎಂದರೆ ಫೈಲುಗಳ ಪಟ್ಟಿ ಅಳಿಸುತ್ತಿತ್ತೇ ಹೊರತು ಒಳಗಿನ ಮಾಹಿತಿ ಅಲ್ಲೇ ಉಳಿಯುತ್ತಿತ್ತು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿರುವುದು ಹೆಚ್ಚಾಗಿ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲಿ ಮಾಹಿತಿ ಇಡುವ ಡ್ರೈವ್. ಫಾರ್ಮ್ಯಾಟ್ ಮಾಡಿದ ಕೂಡಲೇ ವಿಂಡೋಸ್ ಅದಕ್ಕೆ ಟ್ರಿಮ್ ಎಂಬ ಆದೇಶ ಕಳಿಸುತ್ತದೆ. ‘ಈ ಜಾಗ ಇನ್ನು ಬೇಕಿಲ್ಲ’ ಎಂದು ತಿಳಿದ ಡ್ರೈವ್, ಬಿಡುವಾದಾಗ ಆ ಜಾಗವನ್ನು ತಾನೇ ಒರೆಸಿಬಿಡುತ್ತದೆ. ಆಮೇಲೆ ಯಾವ ರಿಕವರಿ ಸಾಫ್ಟ್‌ವೇರ್ ಹಾಕಿದರೂ ಬಹುಪಾಲು ಡ್ರೈವ್‌ಗಳಿಂದ ಬರುವುದು ಬರೀ ಸೊನ್ನೆಗಳು. ಅದರ ಮೇಲೆ ಹೊಸ ವಿಂಡೋಸ್ ಹಾಕಿದರಂತೂ ಹತ್ತಾರು ಜಿಬಿ ಹೊಸ ಬರಹ ಬಂದು ಕೂರುತ್ತದೆ.

ನಿಮ್ಮ ಲ್ಯಾಪ್‌ಟಾಪ್ ಸತ್ತಿಲ್ಲ ಎಂಬುದನ್ನು ಮೊದಲು ಗಮನಿಸಿ. ಪರದೆ ಬರುತ್ತಿದೆ, ಪ್ರೊಸೆಸರ್ ಮತ್ತು ರ‍್ಯಾಮ್ ಕೆಲಸ ಮಾಡುತ್ತಿವೆ. ರಿಪೇರಿ ಪರದೆಯೇ ಡಿಸ್ಕ್‌ನಲ್ಲಿರುವ ಒಂದು ಸಣ್ಣ ಪಾರ್ಟಿಷನ್‌ನಿಂದ (ಡಿಸ್ಕಿನ ಪ್ರತ್ಯೇಕ ಭಾಗದಿಂದ) ಬರುವುದರಿಂದ ಡಿಸ್ಕ್ ಕೂಡ ಸ್ವಲ್ಪಮಟ್ಟಿಗಾದರೂ ಓದಲು ಸಿಗುತ್ತಿದೆ. ವಿಂಡೋಸ್‌ನ ಒಂದೇ ಒಂದು ಫೈಲ್ ಕೆಟ್ಟರೂ ಇಂಥ ಸುತ್ತು ಶುರುವಾಗಬಹುದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಭದ್ರತಾ ತಂತ್ರಾಂಶದ ದೋಷಪೂರಿತ ಅಪ್‌ಡೇಟ್‌ನಿಂದ, ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ, ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ಪರಿಹಾರ ಏನಾಗಿತ್ತು? ಸೇಫ್ ಮೋಡ್‌ಗೆ (ಅತಿ ಅಗತ್ಯದ ಭಾಗಗಳಷ್ಟೇ ಓಡುವ ವಿಂಡೋಸ್‌ಗೆ) ಹೋಗಿ ಒಂದು ಫೈಲ್ ಅಳಿಸುವುದು. ಫಾರ್ಮ್ಯಾಟ್ ಬೇಕಿರಲಿಲ್ಲ, ಬಿಡಿಭಾಗವೂ ಬೇಕಿರಲಿಲ್ಲ.

ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಫೈಲುಗಳು ಹೊರಗೆ, ಆಮೇಲೆ ರಿಪೇರಿ. ಈ ಕ್ರಮ ತಪ್ಪಿಸಬೇಡಿ.

ಒಳಗೆ ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಕಿವಿಗೊಟ್ಟು ಕೇಳಿ. ಲಯಬದ್ಧವಾಗಿ ‘ಟಕ್ ಟಕ್’ ಎನ್ನುತ್ತಿದ್ದರೆ ಅಥವಾ ಕೆರೆದಂತೆ ಸದ್ದು ಬರುತ್ತಿದ್ದರೆ ತಕ್ಷಣ ಆಫ್ ಮಾಡಿ. ಒಳಗಿನ ಹೆಡ್ ಹಾಳಾಗಿ ತಟ್ಟೆಯನ್ನು ಗೀರುತ್ತಿರಬಹುದು, ಪ್ರತಿ ನಿಮಿಷವೂ ನಷ್ಟವೇ. ಮುಂದಿನ ಯಾವ ಹೆಜ್ಜೆಯೂ ಆ ಡಿಸ್ಕ್‌ಗೆ ಅನ್ವಯಿಸದು. ಅದು ಡೇಟಾ ರಿಕವರಿ ಪ್ರಯೋಗಾಲಯಕ್ಕೇ ಹೋಗಬೇಕು.

ಸದ್ದಿಲ್ಲದಿದ್ದರೆ ಬೇರೊಂದು ಕಂಪ್ಯೂಟರಿನಲ್ಲಿ ಕೂತು ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ಬಿಟ್‌ಲಾಕರ್‌ನ (ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ವಿಂಡೋಸ್ ವ್ಯವಸ್ಥೆಯ) ರಿಕವರಿ ಕೀ ಇದೆಯೇ ನೋಡಿ. ‘ನಾನು ಬಿಟ್‌ಲಾಕರ್ ಹಾಕೇ ಇಲ್ಲ’ ಎನ್ನುವವರೇ ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವುದು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಎಂಬ ಹೆಸರಿನಲ್ಲಿ ಇದೇ ಬೀಗ ಅನೇಕ ಬಾರಿ ತಾನಾಗಿಯೇ ಆನ್ ಆಗಿರುತ್ತದೆ. ಕೀ 48 ಅಂಕಿಗಳದ್ದು. ಕಾಗದದ ಮೇಲೆ ಬರೆದುಕೊಂಡು ಎರಡು ಸಲ ಹೋಲಿಸಿ. ಅದಿಲ್ಲದೆ ಬಯಾಸ್‌ನಲ್ಲಿ ಏನನ್ನೂ ಬದಲಾಯಿಸಬೇಡಿ. ಸೆಕ್ಯೂರ್ ಬೂಟ್ (ಸಹಿಯಿಲ್ಲದ ತಂತ್ರಾಂಶದಿಂದ ಬೂಟ್ ಆಗದಂತೆ ತಡೆಯುವ ಸೆಟ್ಟಿಂಗ್) ಆಫ್ ಮಾಡಿದರೂ ಸಾಕು, ಮುಂದಿನ ಸಲ ಅದು ಕೀ ಕೇಳಿ ಕೂರಬಹುದು. ಕೀ ಇಲ್ಲದೆ ಬಿಟ್‌ಲಾಕರ್ ಬಿಡಿಸುತ್ತೇನೆ ಎಂದು ಹಣ ಕೇಳುವವರನ್ನು ನಂಬಬೇಡಿ.

ಕೆಟ್ಟ ವಿಂಡೋಸ್ ಮುಟ್ಟದೆ, ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಎಂಬ ಬೇರೊಂದು ಆಪರೇಟಿಂಗ್ ಸಿಸ್ಟಂ ಓಡಿಸಿ ಫೈಲುಗಳನ್ನು ಹೊರಗೆ ತೆಗೆಯೋಣ. ಅದಕ್ಕೆ 8 ಜಿಬಿ ಅಥವಾ ಹೆಚ್ಚಿನ ಪೆನ್‌ಡ್ರೈವ್ ಬೇಕು. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಉಬುಂಟು ಅಥವಾ ಲಿನಕ್ಸ್ ಮಿಂಟ್‌ನ (ಎರಡೂ ಲಿನಕ್ಸ್‌ನ ಬಗೆಗಳು) ಐಎಸ್‌ಒ ಫೈಲನ್ನು, ಅಂದರೆ ಇಡೀ ವ್ಯವಸ್ಥೆಯಿರುವ ಒಂದೇ ಫೈಲನ್ನು, ಅವರದೇ ಅಧಿಕೃತ ತಾಣದಿಂದ ಇಳಿಸಿಕೊಂಡು, ರೂಫಸ್ ಅಥವಾ ಬಲೇನಾ ಎಚ್ಚರ್ ಎಂಬ ಪ್ರೋಗ್ರಾಮ್‌ನಿಂದ ಪೆನ್‌ಡ್ರೈವ್‌ಗೆ ಬರೆಯಿರಿ. ಐಎಸ್‌ಒ ಅನ್ನು ಸುಮ್ಮನೆ ಕಾಪಿ ಪೇಸ್ಟ್ ಮಾಡಿದರೆ ಬೂಟ್ ಆಗದು. ‘ಪೆನ್‌ಡ್ರೈವ್ ಕೆಲಸ ಮಾಡುತ್ತಿಲ್ಲ’ ಎಂದು ಬರೆಯುವವರಲ್ಲಿ ಅನೇಕರು ಮಾಡಿರುವುದು ಇದನ್ನೇ. ಲ್ಯಾಪ್‌ಟಾಪ್‌ಗೆ ಅದನ್ನು ಚುಚ್ಚಿ, ಆನ್ ಮಾಡಿದ ಕ್ಷಣದಿಂದ ಬೂಟ್ ಮೆನು ಕೀಲಿಯನ್ನು ಬಿಟ್ಟು ಬಿಟ್ಟು ಒತ್ತಿ: ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್ಕೇಪ್. ಈ ಎರಡೂ ಲಿನಕ್ಸ್‌ಗಳು ಸೆಕ್ಯೂರ್ ಬೂಟ್ ಆನ್ ಇದ್ದಾಗಲೂ ನಡೆಯುತ್ತವೆ.

ಮೆನು ಬಂದಾಗ ಉಬುಂಟುವಿನಲ್ಲಿ ‘ಟ್ರೈ’, ಮಿಂಟ್‌ನಲ್ಲಿ ‘ಸ್ಟಾರ್ಟ್ ಲಿನಕ್ಸ್ ಮಿಂಟ್’ ಆಯ್ಕೆ ಮಾಡಿ. ‘ಇನ್‌ಸ್ಟಾಲ್’ ಕಡೆಗೆ ಕರ್ಸರ್ ಕೂಡ ಹೋಗಬಾರದು. ಡೆಸ್ಕ್‌ಟಾಪ್ ಬಂದ ಮೇಲೆ ‘ಡಿಸ್ಕ್ಸ್’ ಎಂಬ ಆ್ಯಪ್ ತೆರೆದು ಡ್ರೈವಿನ ಸ್ಮಾರ್ಟ್ ವರದಿ (ತನ್ನ ಆರೋಗ್ಯದ ಬಗ್ಗೆ ಡ್ರೈವ್ ತಾನೇ ಇಟ್ಟ ಲೆಕ್ಕ) ನೋಡಿ. ಹಾರ್ಡ್ ಡಿಸ್ಕ್‌ನಲ್ಲಿ ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಸೊನ್ನೆಗಿಂತ ಹೆಚ್ಚಿದ್ದರೆ, ಓದಲಾಗದ ಜಾಗಗಳು ಈಗಾಗಲೇ ಇವೆ ಎಂದರ್ಥ. ಆಗ ಫೋಲ್ಡರ್ ಫೋಲ್ಡರ್ ತೆರೆದು ನೋಡುತ್ತಾ ಸಮಯ ಕಳೆಯಬೇಡಿ. ಅತಿ ಮುಖ್ಯವಾದ ಒಂದೆರಡು ಫೋಲ್ಡರ್ ಮೊದಲು ಹೊರಗಿನ ಇನ್ನೊಂದು ಡ್ರೈವ್‌ಗೆ ಕಾಪಿ ಮಾಡಿ. ಆಮೇಲೆ ಡಿಡಿರೆಸ್ಕ್ಯೂ ಎಂಬ ಉಪಕರಣದಿಂದ ಇಡೀ ಡಿಸ್ಕಿನ ಪ್ರತಿಯನ್ನು ಅದಕ್ಕಿಂತ ದೊಡ್ಡ ಡ್ರೈವ್‌ಗೆ ತೆಗೆಯಿರಿ. ಅದು ಸುಲಭವಾಗಿ ಓದಲು ಸಿಗುವ ಭಾಗಗಳನ್ನು ಮೊದಲು ಎತ್ತಿಕೊಂಡು, ಕೆಟ್ಟ ಜಾಗಗಳಿಗೆ ಕೊನೆಗೆ ಮರಳುತ್ತದೆ. ಎಲ್ಲಿಯವರೆಗೆ ಓದಿತೆಂದು ಬರೆದಿಡುವ ಮ್ಯಾಪ್ ಫೈಲ್ ಇಟ್ಟುಕೊಂಡಿದ್ದರೆ ನಡುವೆ ನಿಂತರೂ ನಿಂತಲ್ಲಿಂದ ಮುಂದುವರಿಯುತ್ತದೆ. ಮೂಲ ಮತ್ತು ಗುರಿ ಡ್ರೈವ್‌ಗಳ ಹೆಸರು ಅದಲುಬದಲಾದರೆ ಎಲ್ಲ ಮುಗಿಯಿತು. ಹೆಸರಿನ ಜತೆಗೆ ಗಾತ್ರವನ್ನೂ ನೋಡಿ ಖಚಿತಪಡಿಸಿಕೊಳ್ಳಿ. ಇದಕ್ಕೆ ಧೈರ್ಯ ಸಾಲದಿದ್ದರೆ ಇಲ್ಲೇ ನಿಲ್ಲಿಸಿ ಬಲ್ಲವರಿಗೆ ಕೊಡಿ, ಅದರಲ್ಲಿ ನಾಚಿಕೆಯಿಲ್ಲ.

ವರದಿ ಚೆನ್ನಾಗಿದ್ದರೆ ವಿಂಡೋಸ್ ಪಾರ್ಟಿಷನ್ ತೆರೆದು ‘ಯೂಸರ್ಸ್’ ಫೋಲ್ಡರಿನೊಳಗೆ ನಿಮ್ಮ ಹೆಸರಿನ ಫೋಲ್ಡರ್ ಹುಡುಕಿ. ಅದು ಬರೀ ಓದಲು ಮಾತ್ರ ತೆರೆದರೆ ಗಾಬರಿ ಬೇಡ. ಫಾಸ್ಟ್ ಸ್ಟಾರ್ಟಪ್‌ನಿಂದಾಗಿ ವಿಂಡೋಸ್ ಪೂರ್ತಿ ಮುಚ್ಚದಿದ್ದಾಗ ಹೀಗಾಗುತ್ತದೆ, ನಮಗೆ ಬೇಕಿರುವುದೂ ಓದುವುದಷ್ಟೇ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಎಲ್ಲವನ್ನೂ ಹೊರಗಿನ ಇನ್ನೊಂದು ಡ್ರೈವ್‌ಗೆ ಕಾಪಿ ಮಾಡಿ. ಲೆಕ್ಕಪತ್ರದ ಸಾಫ್ಟ್‌ವೇರ್ ಬಳಸುವವರು ಸಿ ಡ್ರೈವ್ ತೆರೆದ ಕೂಡಲೇ ಕಾಣುವ ಫೋಲ್ಡರುಗಳನ್ನೂ ನೋಡಬೇಕು, ಕೆಲವು ಸಾಫ್ಟ್‌ವೇರ್‌ಗಳು ಡೇಟಾವನ್ನು ಅಲ್ಲೇ ಇಡುತ್ತವೆ. ಒನ್‌ಡ್ರೈವ್ ಫೋಲ್ಡರಿನಲ್ಲಿ ತೆರೆಯದ ಫೈಲುಗಳು ಸಿಕ್ಕರೆ ಅವು ಕ್ಲೌಡ್‌ನಲ್ಲಿ ಮಾತ್ರ ಇರುವಂಥವು, ಬ್ರೌಸರ್‌ನಿಂದ ಇಳಿಸಿಕೊಳ್ಳಿ. ಗುರಿ ಡ್ರೈವ್ ಎಫ್‌ಎಟಿ32 ಆಗಿದ್ದರೆ 4 ಜಿಬಿಗಿಂತ ದೊಡ್ಡ ವಿಡಿಯೊ ಅದರಲ್ಲಿ ಕೂರದು, ಎಕ್ಸ್‌ಫ್ಯಾಟ್ ಇರಲಿ. ಮುಗಿದ ಮೇಲೆ ಹತ್ತಾರು ಫೋಟೊಗಳನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಹೆಸರು ಕಂಡ ಮಾತ್ರಕ್ಕೆ ಫೈಲ್ ಬಂದಿದೆ ಎಂದಲ್ಲ.

ಲಿನಕ್ಸ್‌ಗೆ ಡಿಸ್ಕೇ ಕಾಣದಿದ್ದರೆ, ಇಂಟೆಲ್ ಯಂತ್ರಗಳಲ್ಲಿ ಬಯಾಸ್‌ನ ಸ್ಟೋರೇಜ್ ಮೋಡ್ ರೇಡ್ ಅಥವಾ ವಿಎಂಡಿ ಎಂದಿರುವುದು ಒಂದು ಕಾರಣ. ಅದನ್ನು ಎಎಚ್‌ಸಿಐ ಎಂಬ ಸಾಮಾನ್ಯ ಮೋಡ್‌ಗೆ ಬದಲಿಸಿದರೆ ಕಾಣಬಹುದು, ಆದರೆ ಕಾಪಿ ಮುಗಿದೊಡನೆ ಮೊದಲಿನಂತೆ ಇಡಬೇಕು. ಇಲ್ಲದಿದ್ದರೆ ವಿಂಡೋಸ್ ಸರಿ ಇದ್ದರೂ ನೀಲಿ ಪರದೆ ಬರುತ್ತದೆ. ಬದಲಿಸುವ ಮುಂಚೆ ಆ ಸೆಟ್ಟಿಂಗ್ ಪರದೆಯ ಫೋಟೊ ತೆಗೆದಿಟ್ಟುಕೊಳ್ಳಿ.

ಇನ್ನು ರಿಪೇರಿ. ಪ್ರಿಂಟರ್, ಪೆನ್‌ಡ್ರೈವ್, ಡಾಕ್ ಎಲ್ಲ ಬಿಚ್ಚಿ. ರಿಪೇರಿ ಪರದೆಯಲ್ಲಿ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹೋಗಿ ಮೊದಲು ಇತ್ತೀಚಿನ ಅಪ್‌ಡೇಟ್ ಅನ್ನು ಅನ್‌ಇನ್‌ಸ್ಟಾಲ್ ಮಾಡಿ. ಆಗದಿದ್ದರೆ ಸಿಸ್ಟಂ ರಿಸ್ಟೋರ್. ಆಮೇಲೆ ‘ಸ್ಟಾರ್ಟಪ್ ಸೆಟ್ಟಿಂಗ್ಸ್’ ಮೂಲಕ ರೀಸ್ಟಾರ್ಟ್ ಮಾಡಿ 4 ಒತ್ತಿ, ಸೇಫ್ ಮೋಡ್ ಬರುತ್ತದೆಯೇ ನೋಡಿ. ಬಂದರೆ ಕೊನೆಗೆ ಹಾಕಿದ ಡ್ರೈವರ್ ಅಥವಾ ಆ್ಯಂಟಿವೈರಸ್ ತೆಗೆಯಿರಿ. ಸ್ಟಾರ್ಟಪ್ ರಿಪೇರಿಯನ್ನು ಒಂದು ಸಲ ಓಡಿಸಿದರೆ ಸಾಕು, ಹತ್ತು ಸಲ ಓಡಿಸಿದರೆ ಹನ್ನೊಂದನೆಯದಕ್ಕೆ ಬುದ್ಧಿ ಬರುವುದಿಲ್ಲ. ಎಲ್ಲೆಡೆ ಹರಡಿರುವ ‘ಫಿಕ್ಸ್‌ಬೂಟ್’ ಕಮಾಂಡ್ ಯುಇಎಫ್‌ಐ (ಬಯಾಸ್‌ನ ಹೊಸ ರೂಪ) ಇರುವ ಈಗಿನ ಯಂತ್ರಗಳಲ್ಲಿ ಆಗಾಗ ‘ಆಕ್ಸೆಸ್ ಡಿನೈಡ್’ ಎನ್ನುತ್ತದೆ. ಬೂಟ್ ಫೈಲುಗಳೇ ಹೋಗಿದ್ದರೆ ಬಿಸಿಡಿಬೂಟ್ ಕಮಾಂಡ್‌ಗೆ ವಿಂಡೋಸ್ ಫೋಲ್ಡರಿನ ಹಾದಿ ಕೊಡುವುದೇ ಸರಿಯಾದ ದಾರಿ. ರಿಪೇರಿ ಪರದೆಯಲ್ಲಿ ವಿಂಡೋಸ್ ಇರುವ ಡ್ರೈವಿನ ಅಕ್ಷರ ಸಿ ಆಗಿರಬೇಕೆಂದಿಲ್ಲ, ಮೊದಲು ಹುಡುಕಿಕೊಳ್ಳಿ. ಇಷ್ಟಕ್ಕೂ ಜಗ್ಗದಿದ್ದರೆ ‘ಕೀಪ್ ಮೈ ಫೈಲ್ಸ್’ ಇರುವ ರೀಸೆಟ್. ಅದರಲ್ಲಿ ಹೊರಗಿನಿಂದ ಹಾಕಿದ ಪ್ರೋಗ್ರಾಮ್‌ಗಳು ಹೋಗುತ್ತವೆ. ಫಾರ್ಮ್ಯಾಟ್ ಬರುವುದು ಇದೆಲ್ಲದರ ನಂತರ.

ಚೆಕ್ ಡಿಸ್ಕ್ ಬಗ್ಗೆ ಒಂದು ಎಚ್ಚರಿಕೆ. ಅದು ಫೈಲ್ ವ್ಯವಸ್ಥೆಯನ್ನು ಸರಿಮಾಡುವ ಉಪಕರಣ, ನಿಮ್ಮ ಫೋಟೊ ಉಳಿಸುವ ಉಪಕರಣವಲ್ಲ. ಡಿಸ್ಕ್ ಸಾಯುತ್ತಿರುವಾಗ ಅದನ್ನು ಓಡಿಸಿದರೆ ಗಂಟೆಗಟ್ಟಲೆ ಕೆಟ್ಟ ಜಾಗಗಳನ್ನೇ ಉಜ್ಜುತ್ತದೆ, ಅರೆಬರೆ ಕೊಂಡಿ ಉಳಿದ ಫೈಲುಗಳನ್ನು ಕತ್ತರಿಸಿಯೂ ಹಾಕಬಹುದು. ಬ್ಯಾಕಪ್ ಆಗುವವರೆಗೆ ಅದನ್ನು ಮುಟ್ಟಬೇಡಿ.

ಪ್ರಶ್ನೆ: ಡೆಸ್ಕ್‌ಟಾಪ್‌ನಲ್ಲಿ ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಬರುವುದಿಲ್ಲ. ಮದರ್‌ಬೋರ್ಡ್ ಹೋಗಿದೆ ಎನ್ನುತ್ತಾರೆ. ನಿಜವೇ?

ಬೋರ್ಡ್ ಹೋಗಿದೆ ಎಂದು ಹೇಳಲು ಮಿಕ್ಕೆಲ್ಲವನ್ನೂ ಒಂದೊಂದಾಗಿ ತಳ್ಳಿಹಾಕಿರಬೇಕು. ನೋಡಿದ ಕೂಡಲೇ ಹೇಳುವವರು ಪರೀಕ್ಷೆ ಮಾಡಿಲ್ಲ.

ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾನಿಟರ್ ಕೇಬಲ್ ಅದಕ್ಕೇ ಸಿಕ್ಕಿಸಿರಬೇಕು, ಬೋರ್ಡಿಗಲ್ಲ. ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ. ದೀಪ ಹತ್ತಿ ಆರುತ್ತಿದ್ದರೆ ಯಂತ್ರ ಜೀವಂತವಾಗಿದೆ, ತೊಂದರೆ ಚಿತ್ರದ ದಾರಿಯಲ್ಲಿದೆ. ಇಲ್ಲದಿದ್ದರೆ ಕರೆಂಟ್ ತೆಗೆದು, ಪವರ್ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿಹಿಡಿದು ಉಳಿದ ಚಾರ್ಜ್ ಬಿಡಿ, ಲೋಹದ ಕ್ಯಾಬಿನೆಟ್ ಮುಟ್ಟಿ, ಆಮೇಲೆ ಒಳಗೆ ಕೈ ಹಾಕಿ. 24 ಪಿನ್ನಿನ ಕೇಬಲ್ ಜತೆಗೆ, ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್ನಿನ ಕೇಬಲ್ ಕೂಡ ಪೂರ್ತಿ ಕೂತಿರಬೇಕು. ಅದು ಸಡಿಲವಾದರೆ ಫ್ಯಾನ್ ತಿರುಗಿ ಬೇರೇನೂ ಆಗದಿರುವುದು ಮಾಮೂಲು. ರ‍್ಯಾಮ್ ಎರಡೂ ತೆಗೆದು, ಒಂದನ್ನು ಮಾತ್ರ ಬೋರ್ಡಿನ ಕೈಪಿಡಿ ಹೇಳುವ ಸ್ಲಾಟ್‌ನಲ್ಲಿ ಹಾಕಿ. ನಾಲ್ಕು ಸ್ಲಾಟ್‌ಗಳಿದ್ದರೆ ಹೆಚ್ಚಾಗಿ ಅದು ಪ್ರೊಸೆಸರ್‌ನಿಂದ ಎರಡನೆಯದು. ಇನ್ನೊಂದನ್ನೂ ಹಾಗೇ ಪರೀಕ್ಷಿಸಿ. ಚಿನ್ನದ ಬಣ್ಣದ ಅಂಚನ್ನು 90 ಶೇಕಡಕ್ಕಿಂತ ಹೆಚ್ಚಿನ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಪೆನ್ಸಿಲ್ ರಬ್ಬರಿನಿಂದ ಉಜ್ಜುವುದು ಲೇಪನವನ್ನು ಸವೆಸುತ್ತದೆ, ಪುಡಿಯೂ ಸ್ಲಾಟ್‌ಗೆ ಬೀಳುತ್ತದೆ. ಬಾಯಿಯಿಂದ ಊದಿದರೆ ಎಂಜಲಿನ ತೇವ ಹೋಗುತ್ತದೆ.

ಡಿಡಿಆರ್5 ರ‍್ಯಾಮ್ ಇರುವವರು ಇದನ್ನು ಬರೆದಿಟ್ಟುಕೊಳ್ಳಿ: ರ‍್ಯಾಮ್ ಬದಲಿಸಿದ ಅಥವಾ ಸಿಮಾಸ್ (ಬಯಾಸ್ ಸೆಟ್ಟಿಂಗ್‌ಗಳ ನೆನಪು) ತೆರವು ಮಾಡಿದ ನಂತರದ ಮೊದಲ ಬೂಟ್‌ನಲ್ಲಿ ಯಂತ್ರ ಮೆಮೊರಿಯನ್ನು ಹೊಂದಿಸಿಕೊಳ್ಳುತ್ತದೆ. ಆಗ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಅವಸರಪಟ್ಟು ಆಫ್ ಮಾಡಿದರೆ ಮತ್ತೆ ಮೊದಲಿನಿಂದ ಶುರು. ಬೋರ್ಡಿನಲ್ಲಿ ಸಿಪಿಯು, ಡ್ರ್ಯಾಮ್, ವಿಜಿಎ, ಬೂಟ್ ಎಂದು ಬರೆದ ಸಣ್ಣ ದೀಪಗಳಿದ್ದರೆ ಯಾವುದು ಉರಿದು ನಿಲ್ಲುತ್ತದೋ ಅಲ್ಲೇ ಹುಡುಕಿ. ಪವರ್ ಸಪ್ಲೈ ಡಬ್ಬವನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದರೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರಬಹುದು.

ಪ್ರಶ್ನೆ: ಹಾರ್ಡ್ ಡಿಸ್ಕ್ ಫ್ರೀಜರ್‌ನಲ್ಲಿ ಇಟ್ಟರೆ ಓಡುತ್ತದಂತೆ?

ಇಡಬೇಡಿ. ಹೊರಗೆ ತೆಗೆದಾಗ ಒಳಗಿನ ತಟ್ಟೆಯ ಮೇಲೆ ಇಬ್ಬನಿ ಕೂರುತ್ತದೆ, ಪ್ರಯೋಗಾಲಯದವರಿಗೂ ಏನೂ ಉಳಿಯದೆ ಹೋಗಬಹುದು.

ಪ್ರಶ್ನೆ: ನೀರು ಬಿದ್ದ ಲ್ಯಾಪ್‌ಟಾಪ್ ಅನ್ನು ಅಕ್ಕಿಯಲ್ಲಿ ಹುಗಿದಿದ್ದೇನೆ. ಎಷ್ಟು ದಿನ ಬಿಡಬೇಕು?

ಈಗಲೇ ತೆಗೆಯಿರಿ. ಅಕ್ಕಿ ಬೋರ್ಡಿನ ಮೇಲಿನ ಲವಣವನ್ನೂ ಸಕ್ಕರೆಯನ್ನೂ ತೆಗೆಯುವುದಿಲ್ಲ, ತುಕ್ಕು ಹಿಡಿಸುವುದು ಅವೇ. ಆನ್ ಮಾಡಬೇಡಿ, ಚಾರ್ಜರ್ ಸಿಕ್ಕಿಸಬೇಡಿ, ಬ್ಯಾಟರಿ ಕಳಚಿ ಬೋರ್ಡ್ ತೊಳೆಯಬಲ್ಲವರಿಗೆ ಆದಷ್ಟು ಬೇಗ ಕೊಡಿ.

ಪ್ರಶ್ನೆ: ರಿಜಿಸ್ಟ್ರಿ ಕ್ಲೀನರ್ ಹಾಕಿದರೆ ಬೂಟ್ ಸಮಸ್ಯೆ ಹೋಗುತ್ತದೆಯೇ?

ಇಲ್ಲ. ಬೂಟ್ ಕೆಡಿಸಿಕೊಳ್ಳಲು ಮಾತ್ರ ಅದು ಒಳ್ಳೆಯ ದಾರಿ. ‘ಡ್ರೈವರ್ ಅಪ್‌ಡೇಟರ್’ಗಳಿಗೂ, ಪರದೆಯ ಮೇಲೆ ಫೋನ್ ನಂಬರ್ ತೋರಿಸಿ ಕರೆ ಮಾಡಿ ಎನ್ನುವ ‘ಎಚ್ಚರಿಕೆ’ಗಳಿಗೂ ಇದೇ ಉತ್ತರ.

ಪ್ರಶ್ನೆ: ಲ್ಯಾಪ್‌ಟಾಪ್ ಆನ್ ಆಗುತ್ತಿಲ್ಲ, ಟಚ್‌ಪ್ಯಾಡ್ ಮೇಲೆದ್ದಿದೆ, ತಳ ಸರಿಯಾಗಿ ಕೂರುತ್ತಿಲ್ಲ. ಚಾರ್ಜ್‌ಗೆ ಹಾಕಿ ನೋಡಲೇ?

ಹಾಕಬೇಡಿ. ಬ್ಯಾಟರಿ ಉಬ್ಬಿದೆ. ಒತ್ತಿ ಕೂರಿಸುವುದು, ಚುಚ್ಚಿ ಗಾಳಿ ಬಿಡುವುದು ಎರಡೂ ಬೆಂಕಿಗೆ ಆಹ್ವಾನ. ಚಾರ್ಜರ್ ತೆಗೆದು, ಬಟ್ಟೆ ಕಾಗದಗಳಿಂದ ದೂರ, ಕಲ್ಲು ಅಥವಾ ಸಿಮೆಂಟ್ ನೆಲದ ಮೇಲಿಟ್ಟು, ಬ್ಯಾಟರಿ ತೆಗೆಸಿ. ನಿಮ್ಮ ಫೈಲುಗಳಿರುವುದು ಎಸ್‌ಎಸ್‌ಡಿ ಅಥವಾ ಹಾರ್ಡ್ ಡಿಸ್ಕಿನಲ್ಲಿ, ಬ್ಯಾಟರಿ ಹೋದರೆ ಅವು ಹೋಗುವುದಿಲ್ಲ.