ಓದುಗರ ಪ್ರಶ್ನೆ: ಮಕ್ಕಳ ಯೋಜನೆಯ ಫಲ ಅಳೆಯುವುದು ಹೇಗೆ?

ಪ್ರಶ್ನೆ: ಎಳೆ ಮಕ್ಕಳಿರುವ ಮನೆಗಳಿಗೆ ಹೋಗಿ ಸಲಹೆ ಕೊಡುವ ಯೋಜನೆ ನಮ್ಮದು. ಎಷ್ಟು ಭೇಟಿ, ಎಷ್ಟು ಸಭೆ ಎಂದು ವರದಿಯಲ್ಲಿ ಬರೆಯುತ್ತೇವೆ. ಅನುದಾನ ಕೊಡುವವರು ‘ಇದರಿಂದ ಆದದ್ದೇನು?’ ಎನ್ನುತ್ತಿದ್ದಾರೆ. ಏನು ತೋರಿಸೋಣ?

ಉತ್ತರ: ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಭೇಟಿಯ ಸಂಖ್ಯೆಯಿಂದ ನೀವು ದುಡಿದದ್ದು ತಿಳಿಯುತ್ತದೆ, ಅಷ್ಟೆ. ಮಾರ್ಕ್ ಫ್ರೀಡ್‌ಮನ್ ರೂಪಿಸಿದ ಫಲಿತಾಂಶ ಆಧಾರಿತ ಹೊಣೆಗಾರಿಕೆಯ ವಿಧಾನದಲ್ಲಿ ಯೋಜನೆಗೆ ಕೇಳುವುದು ಮೂರೇ ಪ್ರಶ್ನೆ: ಎಷ್ಟು ಮಾಡಿದಿರಿ, ಎಷ್ಟು ಚೆನ್ನಾಗಿ ಮಾಡಿದಿರಿ, ಅದರಿಂದ ಯಾರಿಗಾದರೂ ಒಳ್ಳೆಯದಾಯಿತೇ? ಮೊದಲನೆಯದು ನಿಮ್ಮ ರಿಜಿಸ್ಟರ್‌ನಲ್ಲೇ ಇದೆ. ಎರಡನೆಯದಕ್ಕೆ, ನಿಗದಿಯಾದ ಭೇಟಿಗಳಲ್ಲಿ ಶೇಕಡಾ ಎಷ್ಟು ಸಕಾಲಕ್ಕೆ ಆದವು ಎಂಬುದನ್ನು ನೋಡಿ. ಮೂರನೆಯದಕ್ಕೆ ಮಗುವಿನಲ್ಲೋ ಪೋಷಕರಲ್ಲೋ ಕಾಣುವ ಬದಲಾವಣೆ ಬೇಕು: ವಯಸ್ಸಿಗೆ ತಕ್ಕ ಲಸಿಕೆಗಳೆಲ್ಲ ಆದ ಮಕ್ಕಳೆಷ್ಟು, ಆರು ತಿಂಗಳು ತುಂಬುವವರೆಗೆ ಎದೆಹಾಲೊಂದನ್ನೇ ಕುಡಿದವರೆಷ್ಟು, ಹೀಗೆ. ಮೂರು ನಾಲ್ಕು ಅಳತೆ ಸಾಕು. ಇಪ್ಪತ್ತು ಕಾಲಂ ಇಟ್ಟರೆ ತಿಂಗಳ ಕೊನೆಗೆ ಕೂತು ಅಂದಾಜಿನಲ್ಲಿ ತುಂಬುತ್ತಾರೆ. ಆ ದೋಷ ನಮೂನೆ ಮಾಡಿದವರದು.

ಹೆಚ್ಚಿನವರು ಎಡವುವುದು ಭಾಗಿಸುವಾಗ. 200 ಮಕ್ಕಳು ದಾಖಲಾದರು, 120 ಮಂದಿ ಕೊನೆಯವರೆಗೆ ಉಳಿದರು, ಅವರಲ್ಲಿ 90 ಮಕ್ಕಳ ಲಸಿಕೆ ಪೂರ್ತಿಯಾಯಿತು ಎನ್ನಿ. 120ರಿಂದ ಭಾಗಿಸಿದರೆ ಶೇ 75, 200ರಿಂದ ಭಾಗಿಸಿದರೆ ಶೇ 45. ವರದಿಗೆ ಮೊದಲನೆಯದು ಹೋಗುತ್ತದೆ, ಎರಡನೆಯದು ಕಡತದಲ್ಲೇ ಉಳಿಯುತ್ತದೆ. ನಡುವೆ ಬಿಟ್ಟುಹೋದ 80 ಮಕ್ಕಳ ಮನೆಗಳಲ್ಲೇ ಕಷ್ಟ ಹೆಚ್ಚಿರುವ ಸಂಭವವಿದೆ. ಎರಡನ್ನೂ ಬರೆಯಿರಿ, 80 ಮಂದಿಯಲ್ಲಿ ಸಾಧ್ಯವಾದಷ್ಟು ಜನರನ್ನು ಹುಡುಕಿ ವಿಚಾರಿಸಿ.

ಪ್ರಶ್ನೆ: ತೂಕ ಕಡಿಮೆಯಿದ್ದ ಮಕ್ಕಳಿಗೆ ಆರು ತಿಂಗಳು ಪೂರಕ ಆಹಾರ ಕೊಟ್ಟೆವು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಸುಧಾರಿಸಿದರು. ಇದು ಆಹಾರದ ಫಲವೆನ್ನಬಹುದೇ?

ಉತ್ತರ: ಇಷ್ಟರಿಂದಲೇ ಹೇಳಲಾಗದು. ತೀರಾ ಕಡಿಮೆ ತೂಗಿದ ದಿನ ಆರಿಸಿದ ಮಕ್ಕಳಲ್ಲಿ ಕೆಲವರಿಗೆ ಆಗಷ್ಟೇ ಭೇದಿಯೋ ಜ್ವರವೋ ಬಂದಿರುತ್ತದೆ, ಕೆಲವರ ತೂಕವನ್ನು ತಪ್ಪಾಗಿ ಓದಿರುತ್ತಾರೆ. ಮುಂದಿನ ಸಲ ಇವರ ಅಂಕಿ ತಾನಾಗಿಯೇ ಮೇಲೇರುತ್ತದೆ. ಎಲ್ಲರಿಗೂ ಒಟ್ಟಿಗೆ ಕೊಡಲಾಗದೆ ಸರದಿಯಲ್ಲಿ ಕಾಯುತ್ತಿರುವ ಅಂಥದ್ದೇ ಮಕ್ಕಳಿದ್ದರೆ ಅವರನ್ನೂ ಅದೇ ದಿನಗಳಲ್ಲಿ ತೂಗಿ. ಎರಡು ಗುಂಪಿನ ನಡುವಿನ ವ್ಯತ್ಯಾಸವನ್ನಷ್ಟೇ ಆಹಾರದ ಖಾತೆಗೆ ಬರೆದುಕೊಳ್ಳಬಹುದು. ತೀವ್ರ ಅಪೌಷ್ಟಿಕತೆಯ ಮಕ್ಕಳನ್ನು ಮಾತ್ರ ಹೋಲಿಕೆಗಾಗಿ ಕಾಯಿಸಕೂಡದು.

ಬರೀ ಕಿಲೋ ಹೋಲಿಸಿಯೂ ಪ್ರಯೋಜನವಿಲ್ಲ; ಆರು ತಿಂಗಳಲ್ಲಿ ಯಾವ ಮಗುವೂ ಒಂದಿಷ್ಟು ಬೆಳೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಬೆಳವಣಿಗೆ ಮಾನದಂಡದಲ್ಲಿ ವಯಸ್ಸಿಗೆ ತಕ್ಕ ತೂಕದ ಝಡ್ ಅಂಕ ನೋಡಿ; ಅದೇ ವಯಸ್ಸಿನ, ಅದೇ ಲಿಂಗದ ಮಕ್ಕಳ ಮಧ್ಯಮ ತೂಕಕ್ಕಿಂತ ಮಗು ಎಷ್ಟು ಮೇಲಿದೆ, ಎಷ್ಟು ಕೆಳಗಿದೆ ಎಂಬುದನ್ನು ಅದು ಕಿಲೋದಲ್ಲಲ್ಲ, ಪ್ರಮಾಣಿತ ವಿಚಲನೆಯ (ಮಕ್ಕಳ ತೂಕ ಸಾಮಾನ್ಯವಾಗಿ ಹರಡಿಕೊಳ್ಳುವ ಅಳತೆ) ಲೆಕ್ಕದಲ್ಲಿ ಹೇಳುತ್ತದೆ. −2ಕ್ಕಿಂತ ಕೆಳಗಿದ್ದರೆ ಕಡಿಮೆ ತೂಕ. ವಯಸ್ಸನ್ನು ಹುಟ್ಟಿದ ದಿನಾಂಕದಿಂದಲೇ ಲೆಕ್ಕ ಹಾಕಿ. ಎತ್ತರವನ್ನೂ ಅಳೆಯುವುದಾದರೆ ಎರಡು ವರ್ಷದೊಳಗಿನವರನ್ನು ಮಲಗಿಸಿ, ಮೇಲಿನವರನ್ನು ನಿಲ್ಲಿಸಿ ಅಳೆಯಬೇಕು. ಚಿಕ್ಕ ಮಗುವನ್ನು ನಿಲ್ಲಿಸಿ ಅಳೆದಿದ್ದರೆ 0.7 ಸೆಂ.ಮೀ. ಕೂಡಿಸಿ.

ಅಳತೆಯ ಗುಣ ತಿಳಿಯಲು ಒಂದು ಸುಲಭ ಉಪಾಯವಿದೆ. ದಾಖಲಾದ ತೂಕಗಳ ಕೊನೆಯ ಅಂಕೆ ಎಣಿಸಿ. ತಕ್ಕಡಿ 100 ಗ್ರಾಂವರೆಗೆ ತೋರಿಸುವುದಾದರೆ 0ಯಿಂದ 9ರವರೆಗಿನ ಪ್ರತಿ ಅಂಕೆಯೂ ಸುಮಾರು ಹತ್ತನೇ ಒಂದು ಪಾಲು ಬರಬೇಕು. 0 ಮತ್ತು 5 ತುಂಬಿಕೊಂಡಿದ್ದರೆ ಯಾರೋ ಅಂದಾಜಿನಲ್ಲಿ ಬರೆದಿದ್ದಾರೆ ಎಂದೇ ತಿಳಿಯಿರಿ.

ಪ್ರಶ್ನೆ: ಈ ವರ್ಷ ಮಕ್ಕಳ ಮೇಲಿನ ದೌರ್ಜನ್ಯದ ದೂರುಗಳು ಹೆಚ್ಚಾಗಿವೆ. ಮಕ್ಕಳ ರಕ್ಷಣಾ ಯೋಜನೆಯ ಅಧಿಕಾರಿಯನ್ನು ಹೊಣೆ ಮಾಡಬಹುದೇ?

ಉತ್ತರ: ದೂರು ಹೆಚ್ಚಿತೆಂದರೆ ದೌರ್ಜನ್ಯವೇ ಹೆಚ್ಚಿತೆಂದಲ್ಲ. ಸಹಾಯವಾಣಿಯ ಸಂಖ್ಯೆ ಜನರಿಗೆ ತಿಳಿದು ಧೈರ್ಯ ಬಂದಿದ್ದರೂ ಹೀಗಾಗುತ್ತದೆ. ಅಲ್ಲದೆ ಇಡೀ ಪ್ರದೇಶದ ಮಕ್ಕಳ ಸ್ಥಿತಿ ಶಾಲೆ, ಪೊಲೀಸ್, ಆಸ್ಪತ್ರೆ, ಕುಟುಂಬ ಎಲ್ಲ ಸೇರಿ ಆದದ್ದು. ಅದನ್ನು ಒಬ್ಬರ ತಲೆಗೆ ಕಟ್ಟುವುದು ಅನ್ಯಾಯ. ದೂರು ಬಂದ ಎಷ್ಟು ಗಂಟೆಯೊಳಗೆ ಮಗುವನ್ನು ಕಂಡರು, ಅದೇ ಮಗುವಿನ ಬಗ್ಗೆ ಆರು ತಿಂಗಳೊಳಗೆ ಮತ್ತೆ ದೂರು ಬಂತೇ ಎಂಬುದಕ್ಕೆ ಅಧಿಕಾರಿ ಉತ್ತರ ಹೇಳಲಿ. ದೂರಿನ ಸಂಖ್ಯೆಗೇ ಬಡ್ತಿ, ಶಿಕ್ಷೆ ಕಟ್ಟಿದಿರೋ, ಮುಂದಿನ ವರ್ಷ ದೂರು ದಾಖಲಾಗುವುದೇ ನಿಲ್ಲುತ್ತದೆ.