ತಂಬೂರಿ ಮಂಕಾಗಿದ್ದು ಸೆಟ್ಟಿನ ತಪ್ಪಲ್ಲ

ರಾಣೆಬೆನ್ನೂರಿನ ಓದುಗರೊಬ್ಬರು ಬರೆದಿದ್ದಾರೆ: “ರಾತ್ರಿ ಧಾರವಾಡ ಆಕಾಶವಾಣಿ ಹಚ್ಚಿದರೆ ಭಾಷಣ ಹೇಗೋ ತಿಳಿಯುತ್ತದೆ. ಗಾಯನ ಶುರುವಾದರೆ ತಂಬೂರಿ ಕೇಳುವುದೇ ಇಲ್ಲ, ನಡುವೆ ಯಾವುದೋ ದೂರದ ಸ್ಟೇಷನ್ ನುಗ್ಗುತ್ತದೆ. ಸೆಟ್ ಬದಲಿಸಲೆ?”

ಮಾನ್ಯರೆ, ಬದಲಿಸಬೇಡಿ. ಧಾರವಾಡದ ಪ್ರಸಾರ ಮೀಡಿಯಂ ವೇವ್‌ನ 765 ಕಿಲೋಹರ್ಟ್ಸ್‌ನದು. ಹಗಲಿನಲ್ಲಿ ಅದು ನೆಲದ ಗುಂಟ ನಿಮ್ಮೂರಿಗೆ ಬರುತ್ತದೆ. ಮೇಲಕ್ಕೇರಿದ ತರಂಗವನ್ನು ಅಯಾನುಗೋಳದ (ಬಹು ಎತ್ತರದಲ್ಲಿರುವ, ವಿದ್ಯುದಾವೇಶ ಹೊಂದಿದ ವಾಯುಪದರಗಳ) ಕೆಳಪದರ ಹೀರಿಬಿಡುತ್ತದೆ. ಹೊತ್ತು ಮುಳುಗಿದ ಮೇಲೆ ಆ ಪದರ ಇರುವುದಿಲ್ಲ, ಅದಕ್ಕೂ ಮೇಲಿನ ಪದರ ತರಂಗವನ್ನು ಕೆಳಕ್ಕೆ ತಿರುಗಿಸುತ್ತದೆ. ಸಾವಿರ ಕಿ.ಮೀ. ಆಚೆಯ ಸ್ಟೇಷನ್ ನುಗ್ಗುವುದು ಹೀಗೆ. ಧಾರವಾಡದ್ದೇ ತರಂಗ ಎರಡು ದಾರಿಯಲ್ಲಿ ಬಂದು ತಾಕಲಾಡುವುದರಿಂದ ದನಿ ಏರಿಳಿದು ಒಡೆಯುತ್ತದೆ.

ಮೊದಲು ಮನೆಯ ವಿದ್ಯುತ್ ಉಪಕರಣಗಳು ಸೆಟ್ಟಿನಲ್ಲಿ ಎಬ್ಬಿಸುವ ಗದ್ದಲ ಹುಡುಕಿ. ಸೆಟ್ಟನ್ನು ಸೆಲ್ ಮೇಲೆ ಓಡಿಸಿ, ಮೇನ್ ಸ್ವಿಚ್ ಆರಿಸಿ. ಇನ್ವರ್ಟರ್ ಇದ್ದರೆ ಅದನ್ನೂ ಆರಿಸಬೇಕು, ಇಲ್ಲದಿದ್ದರೆ ಪರೀಕ್ಷೆಯೇ ಸುಳ್ಳಾಗುತ್ತದೆ. ಗರಗರ ನಿಂತಿತೇ? ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರುಗಳನ್ನು ಒಂದೊಂದಾಗಿ ಹಚ್ಚಿ ನೋಡಿ, ಸಿಕ್ಕಿಬೀಳುತ್ತದೆ.

ಆಮೇಲೆ ಸೆಟ್ಟನ್ನೇ ತಿರುಗಿಸಿ. ಮೇಲಕ್ಕೆಳೆಯುವ ಏರಿಯಲ್ ಎಫ್ಎಂಗೆ. ಮೀಡಿಯಂ ವೇವ್ ಹಿಡಿಯುವುದು ಒಳಗಿನ ಫೆರೈಟ್ ಕಡ್ಡಿ. ಕಡ್ಡಿಯ ತುದಿ ತೋರುವ ದಿಕ್ಕಿನಿಂದ ಬರುವುದು ತೀರ ಕ್ಷೀಣವಾಗುತ್ತದೆ. ಧಾರವಾಡ ಜೋರಾಗಲಿ ಎಂದು ತಿರುಗಿಸುವವರೇ ಹೆಚ್ಚು. ಅದರಲ್ಲಿ ಸಿಗುವುದು ಕಡಿಮೆ. ನುಗ್ಗುವ ಸ್ಟೇಷನ್ ಅಡಗುವ ಕೋನ ಹುಡುಕಿ, ಅಲ್ಲಿ ನಿಲ್ಲಿಸಿ.

ಸಾಲದಿದ್ದರೆ ಲೂಪ್ (ತಂತಿ ಸುತ್ತಿದ ಏರಿಯಲ್) ಕಟ್ಟಿ. 60 ಸೆಂ.ಮೀ. ಬದಿಯ ಚೌಕ ಮರದ ಚೌಕಟ್ಟು, ಅದಕ್ಕೆ 6 ಮಿ.ಮೀ. ಅಂತರದಲ್ಲಿ 12 ಸುತ್ತು ಹೊದಿಕೆ ತಂತಿ (30 ಮೀಟರ್ ಬೇಕು), ಎರಡು ತುದಿಗೆ ಹಳೆಯ ವಾಲ್ವ್ ರೇಡಿಯೊದ 500 ಪಿಕೊಫ್ಯಾರಡ್ ಗ್ಯಾಂಗ್ ಕಂಡೆನ್ಸರ್‌ನ (ಸ್ಟೇಷನ್ ಹಿಡಿಯಲು ತಿರುಗಿಸುವ ಬಿಡಿಭಾಗದ) ಒಂದೇ ಭಾಗ. ಸೆಟ್ಟಿಗೆ ತಂತಿ ಜೋಡಿಸುವುದು ಬೇಡ, ಪಕ್ಕದಲ್ಲಿಟ್ಟರೆ ಸಾಕು. ಗ್ಯಾಂಗ್ ತಿರುಗಿಸುತ್ತ ಹೋದರೆ ಒಂದು ಕಡೆ ಧಾರವಾಡ ದಿಢೀರನೆ ತುಂಬಿಕೊಳ್ಳುತ್ತದೆ.

ಇಷ್ಟಾದರೂ ತಂಬೂರಿ ಪೂರ್ತಿ ಬರುವುದಿಲ್ಲ. ಮೀಡಿಯಂ ವೇವ್ ಸ್ಟೇಷನ್ನುಗಳ ನಡುವಿನ ಅಂತರ ಬರೀ 9 ಕಿಲೋಹರ್ಟ್ಸ್. ಪಕ್ಕದ್ದು ಬೆರೆಯದಿರಲೆಂದು ಸಾಮಾನ್ಯ ಸೆಟ್ಟುಗಳು 4 ಕಿಲೋಹರ್ಟ್ಸ್ ಆಸುಪಾಸಿನ ಮೇಲಿನ ನಾದವನ್ನು ಕತ್ತರಿಸುತ್ತವೆ. ಮಾತಿಗೆ ಅಷ್ಟು ಧಾರಾಳ. ತಂಬೂರಿಯ ಜವಾರಿಯ (ತಂತಿಯ ಗುಂಯ್‌ಗುಡುವ ನಾದದ) ಝೇಂಕಾರ, ತಬಲದ ಚಾಟಿಯ (ಅಂಚಿನ ಹೊಡೆತದ) ಚುರುಕು ಒಂದಷ್ಟು ಅದಕ್ಕಿಂತ ಮೇಲೆಯೇ ಇರುತ್ತದೆ. 1952ರಲ್ಲಿ ಆರಂಭವಾದ ಆಕಾಶವಾಣಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮದಲ್ಲಿ ರಾಗವನ್ನು ಅವಸರವಿಲ್ಲದೆ ಬಿಡಿಸುತ್ತಾರೆ. ಅಂಥದ್ದನ್ನು ಅರ್ಧ ನಾದದಲ್ಲಿ ಕೇಳುವುದು ಅನ್ಯಾಯ. ಭಾಷಣಕ್ಕೆ ಮೀಡಿಯಂ ವೇವ್ ಇರಲಿ, ಸಂಗೀತಕ್ಕೆ ಆಕಾಶವಾಣಿಯ ಆಪ್ ಹಚ್ಚಿ, ಇಯರ್‌ಫೋನ್‌ನಲ್ಲಿ ಕೇಳಿ. ಆಪ್‌ನ ದನಿ ರೇಡಿಯೊಗಿಂತ ಕೆಲವು ಸೆಕೆಂಡು ಹಿಂದಿರುತ್ತದೆ, ಎರಡನ್ನೂ ಒಟ್ಟಿಗೆ ಹಚ್ಚಬೇಡಿ.