ದಿನಬಳಕೆಯ 500 ಇಂಗ್ಲಿಷ್ ಪದಗಳನ್ನು ಆ್ಯಪಿನಲ್ಲಿ ಪೋರ್ಚುಗೀಸಿಗೆ ಮಾಡಿಸಿ ಬಾಯಿಪಾಠ ಮಾಡಿದರೆ ಸಾಕೇ?

ಕೆಲಸದ ಮೇಲೆ ಪೋರ್ಚುಗಲ್‌ನ ರಾಜಧಾನಿ ಲಿಸ್ಬನ್‌ಗೆ ಹೊರಟಿದ್ದೀರಿ. ದಿನಾ ಬೇಕಾಗುವ 500 ಇಂಗ್ಲಿಷ್ ಪದಗಳನ್ನು ಆ್ಯಪಿಗೆ ಕೊಟ್ಟು, ಬಂದ ಪೋರ್ಚುಗೀಸ್ ಪದಗಳನ್ನು ಉರು ಹೊಡೆಯುತ್ತಿದ್ದೀರಿ, ಇದು ಸಾಕೇ ಅಂತ ಕೇಳಿದ್ದೀರಿ. ಕುರ್ಚಿ, ಛತ್ರಿ, ಹಾಲು, ಔಷಧಿಯಂಥ ವಸ್ತುಗಳಿಗೆ ಸಾಕು. ಆದರೆ ಬಾಯಿಬಿಟ್ಟರೆ ಬರುವ ಸಣ್ಣ ಪದಗಳಿಗೆ, ಅಂದರೆ ಬಿ, ಕ್ಯಾನ್, ನೋ (ಗೊತ್ತಿರುವುದು ಎಂಬ ಅರ್ಥದ್ದು), ಟೈಮ್, ಹಾಟ್, ಗೆಟ್‌ಗೆ, ಈ ದಾರಿ ಖಂಡಿತ ಕೈಕೊಡುತ್ತದೆ. ಇಂಗ್ಲಿಷಿನ ಒಂದು ಪದಕ್ಕೆ ಪೋರ್ಚುಗೀಸಿನಲ್ಲಿ ಮೂರ್ನಾಲ್ಕು ಇರುತ್ತವೆ, ಆ್ಯಪು ಅದರಲ್ಲಿ ಒಂದನ್ನು ಕೊಟ್ಟು ಸುಮ್ಮನಾಗುತ್ತದೆ. ನನ್ನ ಸಲಹೆ ಇಷ್ಟು: ಇಂಥ ಪದಗಳಿಗೆ ಇಂಗ್ಲಿಷ್ ಬಿಟ್ಟು ಕನ್ನಡದಿಂದಲೇ ಹೊರಡಿ. ಇಂಗ್ಲಿಷಿನ ಒಂದೇ ಪದದ ಅರ್ಥಗಳನ್ನು ಎಷ್ಟೋ ಕಡೆ ಕನ್ನಡ ಮತ್ತು ಪೋರ್ಚುಗೀಸ್ ಒಂದೇ ಥರ ಬೇರೆಬೇರೆ ಪದಗಳಾಗಿ ಒಡೆಯುತ್ತವೆ.

ಅದಕ್ಕೂ ಮೊದಲು ಆ್ಯಪು ನಿಮಗೆ ಯಾವ ದೇಶದ ಪೋರ್ಚುಗೀಸ್ ಕೊಡುತ್ತಿದೆ ನೋಡಿಕೊಳ್ಳಿ. ಬಹಳಷ್ಟು ಪಟ್ಟಿಗಳು, ವಿಡಿಯೊಗಳು ಬ್ರೆಜಿಲ್‌ನವು. ಬಸ್ಸಿಗೆ ಬ್ರೆಜಿಲ್‌ನಲ್ಲಿ ಓನಿಬುಸ್, ಲಿಸ್ಬನ್‌ನಲ್ಲಿ ಔತುಕಾರು. ರೈಲಿಗೆ ಅಲ್ಲಿ ತ್ರೇಂ, ಇಲ್ಲಿ ಕೊಂಬೊಯು. ಮೊಬೈಲಿಗೆ ಅಲ್ಲಿ ಸೆಲುಲಾರ್, ಇಲ್ಲಿ ತೆಲೆಮೋವೆಲ್. ಬೆಳಗಿನ ತಿಂಡಿಗೆ ಅಲ್ಲಿ ಕಫೆ ದ ಮನ್ಯಾಂ, ಇಲ್ಲಿ ಪೆಕೆನು ಅಲ್ಮೋಸು. ಶೌಚಾಲಯಕ್ಕೆ ಅಲ್ಲಿ ಬನ್ಯೇರು, ಇಲ್ಲಿ ಕಾಜ ದ್ ಬಾನ್ಯು. ಇವುಗಳಲ್ಲಿ ಹೆಚ್ಚಿನವು ತಪ್ಪಿದರೂ ಕೆಲಸ ನಡೆಯುತ್ತದೆ. ಆದರೆ ಪೋರ್ಚುಗಲ್‌ನಲ್ಲಿ ಹುಡುಗಿಗೆ ಹೇಳುವ ರಪರಿಗ ಬ್ರೆಜಿಲ್‌ನ ಹಲವೆಡೆ ಬೈಗುಳ. ಪ್ರೊಪೀನ ಅಂದರೆ ಪೋರ್ಚುಗಲ್‌ನಲ್ಲಿ ಕಾಲೇಜು ಫೀಸು, ಬ್ರೆಜಿಲ್‌ನಲ್ಲಿ ಲಂಚ. ನೀವು ಹೋಗುವುದು ಲಿಸ್ಬನ್‌ಗೆ, ಆದ್ದರಿಂದ ಆ್ಯಪಿನಲ್ಲಿ ಪೋರ್ಚುಗಲ್ ಆಯ್ಕೆ ಇದ್ದರೆ ಅದನ್ನೇ ಹಾಕಿ. ಇಲ್ಲದಿದ್ದರೆ ಪ್ರಿಬೆರಾಂ ಎಂಬ ಪೋರ್ಚುಗಲ್‌ನ ಆನ್‌ಲೈನ್ ನಿಘಂಟಿನಲ್ಲಿ ಪ್ರತಿ ಪದವನ್ನೂ ಒಮ್ಮೆ ನೋಡಿ.

ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿರುವುದು ಲಿಸ್ಬನ್ ಉಚ್ಚಾರಣೆಯ ಅಂದಾಜು ಅಷ್ಟೇ. ಒತ್ತು ಬೀಳದ ಕೊನೆಯ ಓ ಅಕ್ಷರ ಉ ಎಂದು ಕೇಳುತ್ತದೆ, ಕೊನೆಯ ಎ ಹೆಚ್ಚುಕಡಿಮೆ ನುಂಗಿಹೋಗುತ್ತದೆ, ಪದದ ಮೊದಲಿನ ರ ಗಂಟಲಿನಿಂದ ಬರುತ್ತದೆ. ಓದುವುದರ ಜೊತೆಗೆ ಕೇಳಿಯೇ ಕಲಿಯಬೇಕು.

ಈಗ ಕ್ಯಾನ್ ತಗೊಳ್ಳಿ. ಆ್ಯಪು ಪೊದೇರ್ ಅನ್ನುತ್ತದೆ. ಇದೇ ಪದವನ್ನು ಕನ್ನಡದಲ್ಲಿ ಮೂರು ಥರ ಹೇಳುತ್ತೇವೆ, ಗಮನಿಸಿದ್ದೀರಾ? ‘ನನಗೆ ಈಜು ಬರುತ್ತೆ’, ‘ಒಳಗೆ ಬರಬಹುದಾ?’, ‘ಈ ಮುಚ್ಚಳ ತೆಗೆಯೋಕೆ ಆಗ್ತಿಲ್ಲ’. ಪೋರ್ಚುಗೀಸಿನಲ್ಲೂ ಮೂರು. ಕಲಿತು ಬಂದ ವಿದ್ಯೆಗೆ ಸಬೇರ್: ಸೇಯ್ ನದಾರ್. ಅನುಮತಿಗೆ, ಸಾಧ್ಯತೆಗೆ ಪೊದೇರ್: ಪೊಸು ಎಂತ್ರಾರ್? ಪ್ರಯತ್ನಪಟ್ಟು ಆಗುವುದಕ್ಕೆ, ಆಗದೆ ಇರುವುದಕ್ಕೆ ಕೊನ್ಸೆಗೀರ್: ನಾಂವ್ ಕೊನ್ಸೀಗು ಅಬ್ರೀರ್. ಮುಚ್ಚಳ ಬಿಗಿಯಾಗಿ ಕೂತಿದೆ ಅನ್ನಲು ‘ನಾಂವ್ ಪೊಸು ಅಬ್ರೀರ್’ ಅಂದರೆ, ತೆಗೆಯಬಾರದು ಅಂತ ಯಾರೋ ಹೇಳಿದ್ದಾರೆ ಎನ್ನುವಂತೆ ಕೇಳಬಹುದು. ಬರುತ್ತೆ, ಬಹುದು, ಆಗುತ್ತೆ: ಈ ಮೂರನ್ನು ಬಾಯಿಪಾಠಕ್ಕೆ ಮಾಡಿಕೊಳ್ಳುವ ಕಾರ್ಡಿನ ಮೇಲೆ ಬರೆದುಕೊಳ್ಳಿ, ಕ್ಯಾನ್ ಅಂತ ಬರೆಯಬೇಡಿ.

ನೋ ಕೂಡ ಹಾಗೆಯೇ. ವಿಷಯ ‘ಗೊತ್ತು’ ಅಂದರೆ ಸಬೇರ್, ವ್ಯಕ್ತಿಯ ಅಥವಾ ಊರಿನ ‘ಪರಿಚಯ ಇದೆ’ ಅಂದರೆ ಕೊನ್ಯೆಸೇರ್. ಪ್ಲೇ ಬಂದರೆ ಫುಟ್‌ಬಾಲ್ ಆಡಲು ಜುಗಾರ್, ಗಿಟಾರ್ ನುಡಿಸಲು ತುಕಾರ್. ಮಕ್ಕಳು ಸುಮ್ಮನೆ ಆಡಿಕೊಳ್ಳುವುದು ಬ್ರಿಂಕಾರ್, ಅದೊಂದನ್ನು ಹೊಸದಾಗಿ ನೆನಪಿಡಬೇಕು.

ಎಲ್ಲರೂ ಹೆದರುವುದು ಬಿ ಕ್ರಿಯಾಪದಕ್ಕೆ, ಸೇರ್ ಮತ್ತು ಎಶ್ತಾರ್ ಜೋಡಿಗೆ. ಇಂಗ್ಲಿಷ್ ಪುಸ್ತಕಗಳು ಶಾಶ್ವತ, ತಾತ್ಕಾಲಿಕ ಅಂತ ವಿವರಿಸುತ್ತವೆ. ಆ ಸೂತ್ರ ಬೇಗ ಮುರಿದುಬೀಳುತ್ತದೆ, ಏಕೆಂದರೆ ಸತ್ತವರಿಗೆ ಎಶ್ತಾರ್ ಬಳಸುತ್ತಾರೆ, ಸಾವಿಗಿಂತ ಶಾಶ್ವತ ಯಾವುದಿದೆ? ಕನ್ನಡದ ಕಿವಿಗೆ ಇನ್ನೊಂದು ದಾರಿ ಇದೆ. ‘ಅವಳು ಡಾಕ್ಟರ್’ ಅನ್ನುವಾಗ ನಾವು ಕ್ರಿಯಾಪದವನ್ನೇ ಹಾಕುವುದಿಲ್ಲ, ಅಲ್ಲಿ ಸೇರ್. ‘ಅವಳು ಮನೆಯಲ್ಲಿದ್ದಾಳೆ’, ‘ಅವಳು ಸುಸ್ತಾಗಿದ್ದಾಳೆ’ ಅನ್ನುವಾಗ ‘ಇರು’ ಬರುತ್ತದೆ, ಅಲ್ಲಿ ಎಶ್ತಾರ್. ಇನ್ನೂ ಚೆಂದದ್ದು: ‘ಮೀಟಿಂಗ್ ಮೂರನೇ ಮಹಡಿಯಲ್ಲಿ’ ಅಂತ ಇರು ಬಿಟ್ಟು ಹೇಳುತ್ತೇವಲ್ಲ, ಪೋರ್ಚುಗೀಸಿನಲ್ಲೂ ಕಾರ್ಯಕ್ರಮ ಎಲ್ಲಿ ನಡೆಯುತ್ತದೆ ಎನ್ನಲು ಸೇರ್ ಬರುತ್ತದೆ. ಇದು ಎಲ್ಲ ಕಡೆಯೂ ಒಪ್ಪುವ ನಿಯಮವಲ್ಲ. ಕಟ್ಟಡ, ಊರು, ಬೀದಿಯ ಜಾಗ ಕೇಳುವಾಗ ಕನ್ನಡದಲ್ಲಿ ‘ಎಲ್ಲಿದೆ’ ಅಂದರೂ ಅಲ್ಲಿ ಮೂರನೆಯದೊಂದು ಪದ ಬೇಕು, ಫಿಕಾರ್: ಓಂದ್ ಫೀಕ ಉ ಬಾಂಕು, ಬ್ಯಾಂಕ್ ಎಲ್ಲಿದೆ? ಆದರೂ ಹತ್ತರಲ್ಲಿ ಏಳೆಂಟು ಸಲ ಕನ್ನಡದ ಕಿವಿ ಸರಿಯಾದ ಕಡೆಗೇ ಕರೆದೊಯ್ಯುತ್ತದೆ.

ಟೈಮ್ ಪದವನ್ನು ಹಾಗೇ ತರ್ಜುಮೆ ಮಾಡಿ ‘ತೆಂಪು ಎಷ್ಟು’ ಎಂದು ಕೇಳುವವರಿದ್ದಾರೆ. ತೆಂಪು ಅಂದರೆ ಸಮಯ, ಜೊತೆಗೆ ಹವಾಮಾನವೂ ಹೌದು. ಗಡಿಯಾರದ ಗಂಟೆಗೆ ಓರಶ್, ಸಲಕ್ಕೆ ವೇಶ್. ‘ಎಷ್ಟು ಗಂಟೆ?’ ಕೆ ಓರಶ್ ಸಾಂವ್? ‘ಎರಡು ಸಲ’ ದುವಶ್ ವೇಜೆಶ್. ‘ಸಮಯ ಇಲ್ಲ’ ನಾಂವ್ ತೇನ್ಯು ತೆಂಪು.

ಹಾಟ್ ಇನ್ನೂ ಅಪಾಯದ ಪದ. ಬಿಸಿ ನೀರು, ಬಿಸಿ ಸೂಪಿಗೆ ಕೆಂತ್. ಹೊರಗೆ ಸೆಕೆ ಅನ್ನಲು ಎಶ್ತಾ ಕಲೋರ್, ನನಗೆ ಸೆಕೆಯಾಗುತ್ತಿದೆ ಅನ್ನಲು ತೇನ್ಯು ಕಲೋರ್. ತಿಂಡಿ ಖಾರವಾ ಅಂತ ಕೇಳಲು ಎ ಪಿಕಾಂತ್? ಸೆಕೆಗೆ ಕೆಂತ್ ಪದವನ್ನು ತನ್ನ ಬಗ್ಗೆ ಹೇಳಿಕೊಂಡರೆ ಅದಕ್ಕೆ ಕಾಮದ ಅರ್ಥ ಬರಬಹುದು, ಆಫೀಸಿನಲ್ಲಿ ಅಂಥ ತಪ್ಪು ಬೇಡ. ಬಿಸಿ, ಸೆಕೆ, ಖಾರ: ಕನ್ನಡದಲ್ಲಿ ಈ ಮೂರು ಎಂದೂ ಕಲೆಸಿಹೋಗುವುದಿಲ್ಲ.

ಅಡುಗೆ ಮಾಡುವವರಾದರೆ ಪೆಪ್ಪರ್ ಪದ ಮುಖ್ಯ. ಪೋರ್ಚುಗಲ್‌ನಲ್ಲಿ ಪಿಮೆಂತ ಅಂದರೆ ಕಾಳುಮೆಣಸು, ಪಿಮೆಂತು ಅಂದರೆ ದೊಣ್ಣೆ ಮೆಣಸಿನಕಾಯಿ, ಮಲಗೆತ ಅಂದರೆ ಖಾರದ ಮೆಣಸಿನಕಾಯಿ. ಲೆಗೂಮೆಶ್ ಎಂದು ಬರೆದಿದ್ದರೆ ಬೇಳೆಕಾಳು ಅಂದುಕೊಳ್ಳಬೇಡಿ, ಅದು ತರಕಾರಿ. ಸಾಲ್ಸ ಅಂದರೆ ಚಟ್ನಿಯಂಥದ್ದಲ್ಲ, ಪಾರ್ಸ್‌ಲಿ ಸೊಪ್ಪು. ಕೊತ್ತಂಬರಿ ಬೇಕಾದರೆ ಕುಏಂತ್ರುಶ್ ಕೇಳಬೇಕು. ಕಟ್ಟು ನೋಡಲು ಒಂದೇ ಥರ ಇರುತ್ತದೆ, ಎಲೆ ಹೊಸಕಿ ಮೂಸಿದರೆ ಗೊತ್ತಾಗುತ್ತದೆ. ಮೊಸರನ್ನಕ್ಕೆ ಇಯೊಗೂರ್ತ್ ನತುರಾಲ್ ತಗೊಳ್ಳಿ, ಆದರೆ ನತುರಾಲ್ ಅಂತ ಬರೆದೂ ಸಕ್ಕರೆ ಹಾಕಿದ ಡಬ್ಬಿಗಳಿರುತ್ತವೆ, ಅಸುಕರಾದು ಅಂತಿದ್ದರೆ ಬಿಡಿ.

ಗೆಟ್ ಅನ್ನು ಪಟ್ಟಿಯಿಂದ ಹೊಡೆದುಹಾಕಿ. ಅದಕ್ಕೆ ಪೋರ್ಚುಗೀಸ್ ಪದವೇ ಇಲ್ಲ, ಸಂದರ್ಭಗಳು ಮಾತ್ರ ಇವೆ. ಕಾಗದ ಬಂತು ಅಂದರೆ ರೆಸೆಬೇರ್, ಮನೆ ತಲುಪಿದೆ ಅಂದರೆ ಶೆಗಾರ್, ಬಸ್ ಹಿಡಿದೆ ಅಂದರೆ ಅಪನ್ಯಾರ್, ಸುಸ್ತಾದೆ ಅಂದರೆ ಫಿಕಾರ್, ಅರ್ಥವಾಯಿತು ಅಂದರೆ ಪೆರ್ಸೆಬೇರ್. ನಾಂವ್ ಪೆರ್ಸೆಬೀ, ಅಂದರೆ ‘ಅರ್ಥ ಆಗಲಿಲ್ಲ’, ಮೊದಲ ದಿನದಿಂದಲೇ ಬೇಕಾಗುವ ಮಾತು. ಹ್ಯಾವ್ ಲಂಚ್ ಕೂಡ ಪದಕ್ಕೆ ಪದ ಇಟ್ಟರೆ ಕೆಡುತ್ತದೆ. ಮಧ್ಯಾಹ್ನದ ಊಟ ಮಾಡುವುದಕ್ಕೆ ಅಲ್ಮುಸಾರ್ ಎಂಬ ಒಂದೇ ಕ್ರಿಯಾಪದ ಇದೆ, ರಾತ್ರಿಯದಕ್ಕೆ ಜಂತಾರ್. ‘ಊಟ ಆಯ್ತಾ?’ ಜಾ ಅಲ್ಮೊಸೋ?

ಕನ್ನಡದ ಸೇತುವೆ ಕುಸಿಯುವ ಜಾಗಗಳೂ ಇವೆ. ಯಾರಾದರೂ ಕರೆದಾಗ ನಾವು ‘ಬಂದೆ’ ಅನ್ನುತ್ತೇವೆ, ಇಂಗ್ಲಿಷಿನಲ್ಲೂ ‘ಕಮಿಂಗ್’. ಪೋರ್ಚುಗೀಸಿನಲ್ಲಿ ‘ಜಾ ವೋ’, ಅಂದರೆ ‘ಈಗ ಹೋಗ್ತೀನಿ’. ಮಾತನಾಡುವವರ ಕಡೆಗೆ ಆದರೆ ಮಾತ್ರ ಬರುವುದು, ಅವರಿಂದ ದೂರಕ್ಕೆ ಆದರೆ ಹೋಗುವುದು, ಇದರಲ್ಲಿ ಅವರು ಕಟ್ಟುನಿಟ್ಟು. ಹೊರಡುವಾಗ ‘ಬರ್ತೀನಿ’ ಅನ್ನುವ ನಮ್ಮ ಮರ್ಯಾದೆಯನ್ನು ಹಾಗೇ ತರ್ಜುಮೆ ಮಾಡಿದರೆ ಎದುರಿನವರು ಬಾಗಿಲಲ್ಲೇ ಕಾಯುತ್ತಾರೆ. ಭತ್ತ, ಅಕ್ಕಿ, ಅನ್ನ ಮೂರಕ್ಕೂ ಒಂದೇ ಪದ, ಅರೋಶ್. ಥ್ಯಾಂಕ್ಸ್ ಹೇಳುವಾಗ ಗಂಡಸರು ಒಬ್ರಿಗಾದು, ಹೆಂಗಸರು ಒಬ್ರಿಗಾದ ಅನ್ನುತ್ತಾರೆ. ಲೆಕ್ಕಕ್ಕೆ ಬರುವುದು ಹೇಳುವವರು ಗಂಡೋ ಹೆಣ್ಣೋ ಎಂಬುದು, ಕೇಳುವವರದ್ದಲ್ಲ.

ಯೂ ಎಂಬ ಪದಕ್ಕೆ ಆ್ಯಪು ವೊಸೇ ಕೊಡುತ್ತದೆ. ಬ್ರೆಜಿಲ್‌ನ ಬಹುಭಾಗದಲ್ಲಿ ಅದು ಸರಿ. ಪೋರ್ಚುಗಲ್‌ನಲ್ಲಿ ಮುಖಕ್ಕೆ ವೊಸೇ ಅಂದರೆ ಹಲವರಿಗೆ ಒರಟಾಗಿ ಕೇಳುತ್ತದೆ. ನೀನು ಅನ್ನುವ ಸಲಿಗೆಗೆ ತು. ಹಿರಿಯರಿಗೆ, ಅಪರಿಚಿತರಿಗೆ ಉ ಸಿನ್ಯೋರ್, ಅ ಸಿನ್ಯೋರ. ಮಧ್ಯದವರಿಗೆ ಸರ್ವನಾಮವನ್ನೇ ಬಿಟ್ಟು, ಕ್ರಿಯಾಪದವನ್ನು ಅವನು/ಅವಳು ರೂಪದಲ್ಲಿ ಹೇಳಿದರೆ ಸಾಕು, ಅಥವಾ ಹೆಸರು ಸೇರಿಸಿ. ‘ಸರ್‌ಗೆ ಕಾಫಿ ಬೇಕಾ?’ ಅಂತ ಎದುರಿಗಿರುವವರನ್ನೇ ನಾವು ಕೇಳುವುದಿಲ್ಲವೇ, ಹಾಗೆ.

ಇಂಗ್ಲಿಷಿನಂತೆಯೇ ಕಂಡು ಮೋಸ ಮಾಡುವ ಪದಗಳನ್ನು ಬೇರೆ ಬಣ್ಣದಲ್ಲಿ ಬರೆದಿಡಿ. ಅಂಗಡಿಯ ಬಾಗಿಲಲ್ಲಿ ಬರೆದಿರುವ ಒಂದು ಪದವನ್ನು ಲಿಸ್ಬನ್‌ನವರು ‘ಪುಶ್’ ಎಂದೇ ಓದುತ್ತಾರೆ, ಅದರ ಅರ್ಥ ಎಳೆಯಿರಿ. ತಳ್ಳಿ ಅನ್ನಲು ಎಂಪುರ್. ಲಿವ್ರರೀಯ ಗ್ರಂಥಾಲಯವಲ್ಲ, ಪುಸ್ತಕದಂಗಡಿ. ಪರೆಂತೆಶ್ ಅಪ್ಪ ಅಮ್ಮ ಅಲ್ಲ, ನೆಂಟರು. ಪ್ರೆತೆಂದೇರ್ ನಟಿಸುವುದಲ್ಲ, ಉದ್ದೇಶಿಸುವುದು. ಪೋರ್ಚುಗಲ್‌ನಲ್ಲಿ ಕೊನ್ಶ್ತಿಪಾದು ಅಂದರೆ ನೆಗಡಿಯಾಗಿದೆ ಅಂತ, ಮಲಬದ್ಧತೆ ಅಲ್ಲ, ಔಷಧಿ ಅಂಗಡಿಯಲ್ಲಿ ಇದು ಬೇಕಾಗುತ್ತದೆ. ಆಹಾರ ಕೆಡದಂತೆ ಹಾಕುವ ರಾಸಾಯನಿಕಕ್ಕೆ ಕೊನ್ಸೆರ್ವಾಂತ್ ಅನ್ನಿ. ಪ್ರೆಜೆರ್ವತೀವು ಅಂದರೆ ಕಾಂಡೋಮ್.

ಕೆಲವು ಪೋರ್ಚುಗೀಸ್ ಪದಗಳು ನಮ್ಮಲ್ಲೇ ಇವೆ. ಚಾವಿ ಅಲ್ಲಿಯ ಶಾವ್, ಬಾಲ್ದಿ ಅಲ್ಲಿಯ ಬಾಲ್ದ್, ಬಟಾಟೆ ಬತಾತ, ಕರಾವಳಿಯಲ್ಲಿ ಚರ್ಚಿಗೆ ಹೇಳುವ ಇಗರ್ಜಿ ಇಗ್ರೇಜ. ಉತ್ತರ ಕರ್ನಾಟಕದ ಪಗಾರದ ಮೂಲ ಪಗಾರ್, ಆದರೆ ಅಲ್ಲಿ ಅದು ‘ಹಣ ಕೊಡು’ ಎಂಬ ಕ್ರಿಯಾಪದ, ಸಂಬಳಕ್ಕೆ ಸಲಾರಿಯು. ಪಾವ್ ಭಾಜಿಯ ಪಾವ್ ಕೂಡ ಅಲ್ಲಿಯದೇ. ಬೇಕರಿಯಲ್ಲಿ ಕೇಳುವಾಗ ಮಾತ್ರ ಮೂಗಿನಿಂದ ‘ಪಾಂವ್’ ಅನ್ನಬೇಕು. ಮೂಗು ಬಿಟ್ಟರೆ ಅದು ಕೋಲು ಎಂಬ ಬೇರೆ ಪದವಾಗುತ್ತದೆ, ಅದಕ್ಕೊಂದು ಅಶ್ಲೀಲ ಅರ್ಥವೂ ಇದೆ.

ಪಟ್ಟಿಯನ್ನು ಹೀಗೆ ತಿರುಗಿ ಮಾಡಿ. ಕಾರ್ಡಿನ ಒಂದು ಬದಿಗೆ ಪೂರ್ತಿ ಕನ್ನಡ ವಾಕ್ಯ, ಇನ್ನೊಂದು ಬದಿಗೆ ಪೋರ್ಚುಗೀಸ್ ವಾಕ್ಯ. ನಾಮಪದವಾದರೆ ಅದಕ್ಕೂ ಮೊದಲು ಬರುವ ಉ ಅಥವಾ ಅ ಸೇರಿಸಿಯೇ ಬರೆಯಿರಿ, ಅದು ಪದದ ಲಿಂಗ ಹೇಳುತ್ತದೆ. ಕೊನೆಯಲ್ಲಿ ಅ ಬಂದರೆ ಸ್ತ್ರೀಲಿಂಗ ಅನ್ನುವ ಊಹೆ ದಿನ, ಸಮಸ್ಯೆ, ನಕ್ಷೆಯಲ್ಲಿ ತಪ್ಪುತ್ತದೆ: ಉ ದೀಯ, ಉ ಪ್ರುಬ್ಲೇಮ, ಉ ಮಾಪ. ದಿನಸಿ ಪದಗಳಿಗೆ ಅಲ್ಲಿಯ ಸೂಪರ್ ಮಾರ್ಕೆಟ್ ಕೊಂತಿನೆಂತ್‌ನ ವೆಬ್‌ಸೈಟಿನಲ್ಲಿ ಪದ ಹಾಕಿ, ಬಂದ ಚಿತ್ರ ನೋಡಿ. ಚಿತ್ರ ಬೇರೆ ಬಂದರೆ ಪದ ತಪ್ಪು. ದಿನಕ್ಕೆ 10 ಕಾರ್ಡಿಗಿಂತ ಹೆಚ್ಚು ಬೇಡ, ಹಳೆಯವನ್ನು ತಿರುಗಿ ನೋಡುವುದಕ್ಕೂ ಹೊತ್ತು ಬೇಕು.

ಅಲ್ಲಿಗೆ ಹೋದ ಮೊದಲ ವಾರದಲ್ಲೇ ಬೇಕಾಗುವ ಇನ್ನೆರಡು ವಿಷಯ. ಸೋಮವಾರಕ್ಕೆ ಸೆಗುಂದ ಫೇರ, ಅಂದರೆ ಎರಡನೆಯದು, ಏಕೆಂದರೆ ಎಣಿಕೆ ಭಾನುವಾರದಿಂದ ಶುರು. ಅಂಗಡಿಯ ಬೋರ್ಡಿನಲ್ಲಿ 2ರಿಂದ 6 ಅಂತಿದ್ದರೆ ಸೋಮವಾರದಿಂದ ಶುಕ್ರವಾರ, ಮಂಗಳವಾರದಿಂದಲ್ಲ. ಬಾಡಿಗೆ ಮನೆಯ ವಿಳಾಸದಲ್ಲಿ ನೆಲಮಹಡಿಗೆ ರೆಜ್ ದು ಶಾಂವ್, ಅದರ ಮೇಲಿನದು ಒಂದನೆಯದು, ನಮ್ಮಂತೆಯೇ. ಸಂಖ್ಯೆಯ ಪಕ್ಕ ಎಶ್ಕೇರ್ದು ಎಂಬುದರ ಚಿಕ್ಕ ರೂಪ ಇದ್ದರೆ ಎಡಗಡೆಯ ಮನೆ, ದಿರೇಯ್ತು ಎಂಬುದರದ್ದಿದ್ದರೆ ಬಲಗಡೆಯದು. ಅದನ್ನು ಬಿಟ್ಟು ವಿಳಾಸ ಬರೆದರೆ ನಿಮ್ಮ ಪಾರ್ಸೆಲ್ ಎದುರು ಮನೆಗೆ ಹೋಗುತ್ತದೆ.